ನೊಣ ಪಾಸು ಮಾಡಿದ ಹೂವು

ಗಾಜಿಪುರದ ಅನಸೂಯಾಬಾಯಿಯವರ ಅಂಗಳದಿಂದ ದೇವರ ಮನೆಗೆ ಹೋದ ಹೂವುಗಳಲ್ಲಿ ಪರೀಕ್ಷೆಯಾಗದೆ ಹೋದದ್ದು ಒಂದೂ ಇಲ್ಲ. ಉಳಿದವರ ಮನೆಯಲ್ಲಿ ಹೂವೆಂದರೆ ಗಿಡದಿಂದ ಕಿತ್ತು ಬುಟ್ಟಿಗೆ ಹಾಕಿಕೊಳ್ಳುವ ವಸ್ತು. ಇವರು ಮಾತ್ರ ಬೆಳಿಗ್ಗೆ ಮಡಿಯುಟ್ಟು, ಬುಟ್ಟಿ ಹಿಡಿದು, ಸೇವಂತಿಗೆ ಗಿಡದ ಮುಂದೆ ನಿಂತು ಕಾಯುವರು. ಬಿಸಿಲು ಸ್ವಲ್ಪ ಏರುತ್ತಲೇ ಹಳದಿ-ಕಪ್ಪು ಪಟ್ಟೆಯ ಸಣ್ಣ ಹುಳವೊಂದು ಬಂದು ಹೂವಿನ ಎದುರು ಗಾಳಿಯಲ್ಲೇ ನಿಲ್ಲುವುದು. ನಿಲ್ಲುವುದೆಂದರೆ ನಿಜವಾಗಿ ನಿಲ್ಲುವುದು, ಕಾಣದ ಗೂಟಕ್ಕೆ ಯಾರೋ ಕಟ್ಟಿಹಾಕಿದ ಹಾಗೆ. ಹೂವನ್ನು ದಿಟ್ಟಿಸುವುದು, ಕೊಂಚ ಎಡಕ್ಕೆ ಸರಿದು ಇನ್ನೊಮ್ಮೆ ದಿಟ್ಟಿಸುವುದು, ಆಮೇಲೆ ಒಂದು ಗಳಿಗೆ ಕೂತು ಎದ್ದು ಹೋಗುವುದು. ಆಗ ಅನಸೂಯಾಬಾಯಿ "ಪಾಸಾತು" ಎಂದು ಆ ಹೂವನ್ನು ಕೀಳುವರು. ಹುಳ ಕಣ್ಣೆತ್ತಿಯೂ ನೋಡದ ಹೂವು ಎಷ್ಟೇ ಚೆಂದವಿದ್ದರೂ ಗಿಡದಲ್ಲೇ ಬಾಡಬೇಕು.

ಇದರ ಹಿಂದೆ ಒಂದು ಶಾಸ್ತ್ರವಿತ್ತು. ಮನುಷ್ಯ ಮೂಸಿದ ಹೂವು ಎಂಜಲು, ದೇವರಿಗೆ ಆಗುವುದಿಲ್ಲ. ಜೇನು ಕೂತ ಹೂವು ಎಂಜಲಲ್ಲ. ಇಷ್ಟನ್ನು ಅವರಿಗೆ ತವರಿನಲ್ಲಿ ಹೇಳಿಕೊಟ್ಟಿದ್ದರು. ಅಲ್ಲಿಂದ ಮುಂದೆ ಒಂದು ಹೆಜ್ಜೆ ಅವರೇ ಹೋದರು. ಜೇನು ಕೂತರೆ ತಪ್ಪಿಲ್ಲವೆಂದಾದರೆ, ಜೇನು ಒಪ್ಪಿದ ಹೂವು ಇನ್ನೂ ಮೇಲಲ್ಲವೇ? ಹೀಗೆ ಆ ಪಟ್ಟೆಯ ಹುಳ ಅವರ ಅಂಗಳದಲ್ಲಿ ಸಾಹೇಬನ ಪದವಿಗೆ ಏರಿತು.

ಆ ಮನೆಯಲ್ಲಿ ಪೂಜೆ ಗಂಡಸರದು. ಮೊದಲು ಮಾವ ಮಾಡಿದರು, ಆಮೇಲೆ ಗಂಡ, ಈಗ ಮಗ ನರಸಿಂಹ. ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿರುವ ಈ ಮಗ ದೇವರಿಗೆ ನೀರು ಹಾಕುತ್ತಲೇ ಕಚೇರಿಯ ಫೋನು ಎತ್ತುವಂಥ ಆಸಾಮಿ. ಗಂಡಸರು ಬಂದರು, ಗಂಟೆ ಬಾರಿಸಿದರು, ಹೋದರು. ಅನಸೂಯಾಬಾಯಿಯವರ ಪಾಲಿಗೆ ಇದ್ದದ್ದು ಹೂವು ಮಾತ್ರ. ಕಾಶಿ ನೋಡಿದವರಲ್ಲ, ಮಂತ್ರ ಕಲಿತವರಲ್ಲ. ದೇವರು ಎದುರು ಬಂದು "ನೀ ನನಗ ಏನ್ ಕೊಟ್ಟಿ?" ಎಂದು ಕೇಳಿದರೆ "ಹೂವು" ಎನ್ನಬೇಕು, ಅಷ್ಟೇ.

ಆ ಹೂವಿನಿಂದಲೇ ಅವರು ಒಮ್ಮೆ ದೊಡ್ಡ ಸಂಗತಿಯೊಂದನ್ನು ಸಾಧಿಸಿದ್ದರು. ಮದುವೆಯಾಗಿ ಬಹಳ ಕಾಲ ಮಕ್ಕಳಾಗಲಿಲ್ಲ. ಒಂದು ವರ್ಷ ಪೂರ್ತಿ ತಪ್ಪದೆ ನಮ್ಮ ಅಂಗಳದ ಹೂವನ್ನೇ ಕೊಡುತ್ತೇನೆ, ಪೇಟೆಯ ಹೂವು ಮುಟ್ಟುವುದಿಲ್ಲ, ನನಗೊಂದು ಮಗು ಕೊಡು ಎಂದು ಹರಕೆ ಹೊತ್ತರು. ಹೊರಗೆ ಕೂತ ದಿನಗಳಲ್ಲಿ ಅತ್ತೆ ಹೂವು ಕೀಳುತ್ತಿದ್ದರು. ಸೊಸೆ ದೂರದ ಮೂಲೆಯಿಂದ ಕತ್ತು ಚಾಚಿ ಹುಳವನ್ನು ನೋಡಿ "ಅದು ಪಾಸಾತ್ರಿ, ಅದರ ಬಾಜೂದು ಬ್ಯಾಡ್ರಿ" ಎಂದು ಕೂಗುತ್ತಿದ್ದರು. ವರ್ಷ ತುಂಬಿತು, ಹರಕೆ ತೀರಿತು, ನರಸಿಂಹ ಹುಟ್ಟಿದ. ಈಗ ಅವನಿಗೆ ತಲೆಗೂದಲು ಉದುರಿ, ನಿವೃತ್ತಿಯ ಮಾತು ನಡೆದಿದೆ.

ಇಷ್ಟು ಭದ್ರವಾಗಿದ್ದ ಬದುಕಿಗೆ ಕಲ್ಲು ಹಾಕಿದವಳು ಸೊಸೆ ಮಂಜುಷಾ. ಪಾಪ, ಬೇಕೆಂದು ಹಾಕಿದ್ದಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಆಕೆ ರಜೆಯ ದಿನ ಪಾಠಕ್ಕೆ ಬೇಕೆಂದು ಮೊಬೈಲಿನಲ್ಲಿ ಹೂವಿನ ಫೋಟೋ ತೆಗೆಯುತ್ತಿದ್ದಳು.

"ಸ್ವಲ್ಪ ಹಿಂದ ಸರಿಯವಾ. ಜೇನು ಬಂದದ, ಪಾಸು ಮಾಡ್ಲಿ" ಎಂದರು ಅತ್ತೆ.

"ಇದು ಜೇನಲ್ರಿ ಅತ್ತ್ಯಾರ."

"ಮತ್ತ?"

"ನೊಣ ರೀ."

ಅನಸೂಯಾಬಾಯಿ ನಕ್ಕರು. ಮಂಜುಷಾ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ತೋರಿಸಿದಳು. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಇದರ ಕಣ್ಣು ನೋಡ್ರಿ, ತಲೆ ತುಂಬ ಕಣ್ಣೇ ಇವೆ. ಇದಕ್ಕೆ ಕೊಂಡಿ ಇಲ್ಲ, ಕಚ್ಚುವುದು ಗೊತ್ತಿಲ್ಲ. ಹಕ್ಕಿಗಳು ಹೆದರಲಿ ಎಂದು ಜೇನಿನ ಪಟ್ಟೆ ಹಾಕಿಕೊಂಡು ತಿರುಗುತ್ತದೆ, ಅಷ್ಟೇ.

"ಅಂದ್ರ ವೇಷ ಹಾಕ್ಯದೇನು?"

"ಹಂಗಽ ಅಂದ್ಕೋರಿ."

ಅತ್ತೆಯ ಕೈಯಿಂದ ಬುಟ್ಟಿ ಜಾರಿತು. ಹೋಟೆಲಿನ ಟೇಬಲ್ಲಿನ ಮೇಲೆ, ಚರಂಡಿಯ ಮೇಲೆ, ಎಲ್ಲೆಂದರಲ್ಲಿ ಕೂರುವ ನೊಣ. ಇಷ್ಟು ವರ್ಷ ಜೇನಿನ ಅಂಗಿ ತೊಟ್ಟು ಬಂದು, ದೇವರ ಹೂವಿಗೆಲ್ಲ ಕಾಲಿಟ್ಟು ಹೋಗಿದೆ. ಬರೀ ಸಹಿಸಿಕೊಂಡಿದ್ದರೆ ಒಂದು ಮಾತು. ಇವರೋ, ನೊಣ ಮುಟ್ಟದ ಶುದ್ಧ ಹೂವುಗಳನ್ನೆಲ್ಲ ಗಿಡದಲ್ಲೇ ಬಿಟ್ಟು, ನೊಣ ಮುಟ್ಟಿದ್ದನ್ನೇ ಹುಡುಕಿ ಹುಡುಕಿ ಕಿತ್ತಿದ್ದರು!

ಮಡಿಯ ವಿಷಯದಲ್ಲಿ ಆ ಮನೆತನಕ್ಕೆ ಕೊನೆಯ ಮಾತು ಹೇಳುವವನು ಅನಸೂಯಾಬಾಯಿಯವರ ತಮ್ಮ ವೇದವ್ಯಾಸ. ಕಮಲಾಪುರದಲ್ಲಿ ಸಣ್ಣದೊಂದು ಗುಡಿಯ ಪೂಜೆ, ಊರ ಹೊರಗೆ ಕೆಂಪು ಬಾಳೆಯ ತೋಟ. ಕೂಡಲೇ ಫೋನು ಹೋಯಿತು. ಅವನು ತೋಟದಲ್ಲಿದ್ದ. ಬಾಳೆಯೆಲೆ ಬಡಿದುಕೊಳ್ಳುವ ಸದ್ದಿನಲ್ಲಿ ಅವನ ಮಾತು ಅರ್ಧ, ಇವರ ಮಾತು ಅರ್ಧ.

"ವೇದೂ, ಹೂವಿನ ಮ್ಯಾಲ ನೊಣ ಕೂತ್ರ ದೇವರಿಗೆ ಆಗ್ತದೇನೋ?"

"ಏನಂದಿ? ನೊಣ?"

"ಹೌದೋ, ಹೂವಿನ ಮ್ಯಾಲ!"

"ಛೀ ಛೀ! ನೊಣ ಕೂತಿದ್ದು ಹ್ಯಾಂಗ ಆಗ್ತದ ಅಕ್ಕ? ಎಲ್ಲಾ ಚೆಲ್ಲಿಬಿಡು. ಹೊಸದಾಗಿ ಮಾಡು."

ಹೊಸದಾಗಿ ಮಾಡು! ಹೂವನ್ನು ಯಾರಾದರೂ ಮಾಡುತ್ತಾರೆಯೇ ಎಂದು ಆಗಲೇ ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅನಸೂಯಾಬಾಯಿಯವರ ಮನಸ್ಸು ಆಗಲೇ ನರಸಿಂಹ ಹುಟ್ಟಿದ ಕಾಲಕ್ಕೆ ಓಡಿಹೋಗಿತ್ತು. ಹೊಸದಾಗಿ ಮಾಡು ಎಂದರೆ ಹರಕೆಯನ್ನು ಹೊಸದಾಗಿ ತೀರಿಸು ಎಂದೇ ಅವರಿಗೆ ಕೇಳಿಸಿತು. ಅಂದರೆ ಹಳೆಯದು ಸಂದಿಲ್ಲ. ನೊಣದ ಎಂಜಲು ಕೊಟ್ಟು ದೇವರಿಂದ ಮಗನನ್ನು ಪಡೆದಂತಾಯಿತು. ದೇವರಿಗೂ ಇಷ್ಟು ದಿನ ಗೊತ್ತಿರಲಿಲ್ಲವೋ ಏನೋ. ಇವತ್ತು ಮಂಜುಷಾ ಬಯಲು ಮಾಡಿಬಿಟ್ಟಳು. ಇನ್ನು ಕೊಟ್ಟದ್ದನ್ನು ವಾಪಸು ಕೇಳಿದರೆ?

ರಾತ್ರಿ ಊಟಕ್ಕೆ ಕೂತಾಗ ಅವರು ಮಗನ ಮುಖವನ್ನೇ ನೋಡುತ್ತ ವಿಷಯ ಹೇಳಿದರು. ನರಸಿಂಹ ಸಾರು ಕುಡಿಯುತ್ತ, "ಹಂಗಾದ್ರ ನಾ ರದ್ದಾದೆನೇನು ಆಯಿ?" ಎಂದು ನಕ್ಕ. ನಗುವಾಗ ಸಾರು ನೆತ್ತಿಗೇರಿ ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ತಾಯಿ ನಿರ್ಧಾರ ಮಾಡಿಯಾಗಿತ್ತು. ಇನ್ನೊಂದು ವರ್ಷದ ಹರಕೆ. ಈ ಸಲ ಒಂದು ನೊಣದ ನೆರಳೂ ಬೀಳದ ಹೂವು.

ಮರುದಿನ ತಾಯಿ ಮಗ ಇಬ್ಬರೂ ಜಗತ್ ಓಣಿಯ ಪೇಟೆಗೆ ಹೋಗಿ ಬುರ್ಹಾನುದ್ದೀನ್ ಅವರ ಅಂಗಡಿಯಲ್ಲಿ ಸೊಳ್ಳೆ ಪರದೆ ಕೇಳಿದರು.

"ಸಿಂಗಲ್ಲೋ ಡಬಲ್ಲೋ ಅಮ್ಮಾ?"

"ಸೇವಂತಿಗಿ ಸಿಂಗಲ್ ಸಾಕು. ದಾಸವಾಳ ದೊಡ್ಡದದ, ಡಬಲ್ ಬೇಕು."

ಬುರ್ಹಾನುದ್ದೀನ್ ಇವು ಮೊಮ್ಮಕ್ಕಳ ಹೆಸರೆಂದು ತಿಳಿದರು. "ಸೇವಂತಿ ಬೇಟಿಗೆ ಗುಲಾಬಿ ಬಣ್ಣದ್ದು ಕೊಡ್ತೀನ್ರಿ, ಅಂಚಿಗೆ ನೆರಿಗಿ ನೆರಿಗಿ ಝಾಲರ್ ಇದ್ದದ್ದು. ಹುಡುಗ್ಯಾರು ಖುಷ್ ಆಗ್ತಾರ."

"ಒಳಗ ಒಂದು ನೊಣಾನೂ ಹೋಗಬಾರದ್ರಿ."

"ಸೊಳ್ಳೀನೇ ಹೋಗೂದಿಲ್ಲ, ನೊಣ ಎಲ್ಲಿಂದ ಹೋಗ್ತದ? ಬಿಸಲಿಗೆ ಮಾತ್ರ ಹಾಕಬ್ಯಾಡ್ರಿ."

"ಅಕಿ ಬಿಸಲಾಗಽ ಇರಾಕಿ. ದಿನಾ ಮ್ಯಾಲ ಒಂದು ಕೊಡ ನೀರು ಹಾಕ್ತೀನಿ, ನಡೀತದಲ್ಲ?"

ಬುರ್ಹಾನುದ್ದೀನ್ ಗಾಬರಿಯಿಂದ ನರಸಿಂಹನ ಮುಖ ನೋಡಿದರು. ನರಸಿಂಹ ಚಾವಣಿಯ ಫ್ಯಾನು ನೋಡಿದ. ಪರದೆಗಳು ಕಟ್ಟಿಸಿಕೊಂಡು ಆಟೋದಲ್ಲಿ ಗಾಜಿಪುರಕ್ಕೆ ಬಂದವು.

ಸಂಜೆಯೊಳಗೆ ಅಂಗಳದ ಚಹರೆ ಬದಲಾಯಿತು. ಸೇವಂತಿಗೆ ಸಾಲು ಗುಲಾಬಿ ಝಾಲರಿನ ಒಳಗೆ ಮದುಮಗಳಾಗಿ ಕೂತಿತ್ತು. ದಾಸವಾಳದ ಮೇಲೆ ನೀಲಿ ಡಬಲ್, ತುಳಸಿಯ ಮೇಲೆ ಕೂಸಿನ ಪರದೆ. ಬಾಗಿಲ ಬಳಿಯ ಕಣಗಿಲೆ ಮಾತ್ರ ಎತ್ತರವಾಗಿ ಬೆಳೆದದ್ದರಿಂದ ಯಾವ ಪರದೆಗೂ ಸಿಗದೆ ಬತ್ತಲೆ ಉಳಿಯಿತು. ಪಕ್ಕದ ಮನೆಯ ಇಕ್ಬಾಲ್ ಬೇಗಂ ಮೋಟು ಗೋಡೆಯ ಮೇಲಿಂದ ಇಣುಕಿ ನೋಡಿದರು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಗೋಡೆಯ ಆ ಕಡೆ ನಿಂತು ಈ ಮನೆಯ ಎಲ್ಲವನ್ನೂ ನೋಡಿದವರು ಅವರು.

"ಕ್ಯಾ ಬಾಯಿ, ಗಿಡಕ್ಕ ಡೆಂಗೀ ಬಂತೇನು?"

ಅನಸೂಯಾಬಾಯಿ ಝಾಲರಿನ ಅಂಚನ್ನು ಮಣ್ಣಿಗೆ ಸಿಕ್ಕಿಸಿದರು. ನರಸಿಂಹನಿಗೆ ಅವರು ಸೊಳ್ಳೆ ಹೊಡೆಯುವ ಕರೆಂಟ್ ಬ್ಯಾಟು ಕೊಟ್ಟು ಕಾವಲಿಗೆ ನಿಲ್ಲಿಸಿದ್ದರು. ಅವನು ಮೊದಲೇ ಆ ಬ್ಯಾಟಿನ ಭಕ್ತ. ಸಂಜೆ ಕಚೇರಿಯಿಂದ ಬಂದವನೇ ಚಹಾ ಕುಡಿಯುತ್ತ ಒಂದು ಕೈಯಲ್ಲಿ ಚಟ್ ಚಟ್ ಎನಿಸುವುದು ಅವನ ದಿನದ ಏಕೈಕ ಆಟ. ಆದರೆ ಈ ಪಟ್ಟೆಯ ನೊಣ ಹೊಡೆಯಲು ಸಿಗುವ ಜಾತಿಯದಲ್ಲ. ಬ್ಯಾಟು ಬೀಸುವ ತನಕ ಮುಂದೆಯೇ ನಿಂತಿರುತ್ತದೆ. ಬೀಸಿದ ಮೇಲೆ ಒಂದು ಮೊಳ ಆಚೆ ಅಷ್ಟೇ ಅಲುಗಾಡದೆ ನಿಂತಿರುತ್ತದೆ. ಚಳಿಯಲ್ಲಿ ಹೀಗೆ ಬೀಸಿ ಬೀಸಿ ಅವನಿಗೆ ನೆಗಡಿಯಾಯಿತು. ಅವನು ಸೀನಿದಾಗಲೆಲ್ಲ ತಾಯಿ ದೇವರ ಮನೆಯ ಕಡೆ ನೋಡುತ್ತಿದ್ದರು. ವಾಪಸು ಕರೆಯುವುದು ಶುರುವಾಯಿತೇ?

ಮೊದಮೊದಲು ಪರದೆಯೊಳಗೆ ಹೂವು ಅರಳಿದವು. ಪಾಸು ಮಾಡುವವರಿಲ್ಲದ್ದರಿಂದ ಯಾವುದನ್ನು ಕೀಳಬೇಕೆಂದು ಅನಸೂಯಾಬಾಯಿಯವರಿಗೆ ತಿಳಿಯದಾಯಿತು. ಆಮೇಲೆ ಮೊಗ್ಗುಗಳ ಕತ್ತಿನಲ್ಲಿ ಕರಿ ಚುಕ್ಕೆಗಳು ಕಂಡವು. ಚುಕ್ಕೆ ಗುಂಪಾಯಿತು, ಗುಂಪು ಕಾಂಡ ಹತ್ತಿತು. ಗಿಡಕ್ಕೆ ಹತ್ತುವ ಹೇನು! ಎಲೆಯೆಲ್ಲ ಅಂಟಂಟು, ಆ ಅಂಟಿಗೆ ಇರುವೆಗಳ ಮೆರವಣಿಗೆ. ಸೇವಂತಿಗೆ ಮೊಗ್ಗು ಅರಳದೆ ತಲೆ ಬಾಗಿಸಿತು. ದಾಸವಾಳ ಮೊಗ್ಗಿನಲ್ಲೇ ಉದುರಿತು. ಒಂದು ಬೆಳಿಗ್ಗೆ ಬುಟ್ಟಿಯಲ್ಲಿ ಕೈಯಾಡಿಸಿದರೆ ಬರೀ ತುಳಸಿ. ನರಸಿಂಹ ಮೆಲ್ಲಗೆ ಪೇಟೆಯಿಂದ ಒಂದು ಪೊಟ್ಟಣ ಹೂವು ತಂದಿಟ್ಟ. ಹೊಸ ಹರಕೆ ಅಲ್ಲಿಗೆ ಮುರಿಯಿತು.

ಆ ದಿನ ಅನಸೂಯಾಬಾಯಿ ಊಟ ಮಾಡಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಹಳೆಯದು ನೊಣದ ಪಾಲಾಯಿತು, ಹೊಸದು ಹೇನಿನ ಪಾಲಾಯಿತು. ದೇವರ ಮುಂದೆ ತೋರಿಸಲು ತಮ್ಮ ಹತ್ತಿರ ಏನೂ ಉಳಿಯಲಿಲ್ಲ ಎಂಬುದು ಅವರಿಗೆ ಸಹಿಸಲಾಗದ ಸಂಕಟವಾಗಿತ್ತು.

ತಾನೇ ಹಚ್ಚಿದ ಬೆಂಕಿಯೆಂದು ಮಂಜುಷಾಳಿಗೂ ಕೆಡುಕೆನಿಸಿತ್ತು. ಆಕೆ ಅತ್ತೆಯ ಕೈ ಹಿಡಿದು ಪರದೆಯಿಲ್ಲದ ಕಣಗಿಲೆಯ ಹತ್ತಿರ ಕರೆದೊಯ್ದಳು. ಅದಕ್ಕೂ ಹಳದಿ ಹೇನು ಹತ್ತಿತ್ತು, ಆದರೆ ತುದಿಗಳು ಚೊಕ್ಕಟವಾಗಿದ್ದವು. ಎಲೆಯೊಂದನ್ನು ತಿರುವಿ ತೋರಿಸಿದಳು. ಕಾಲಿಲ್ಲದ, ಕಣ್ಣಿಲ್ಲದ, ಹಸಿರು ಗೊಣ್ಣೆಯಂಥ ಮರಿಯೊಂದು ಹೇನನ್ನು ಎತ್ತಿ ಹಿಡಿದು ಹೀರುತ್ತಿತ್ತು. ಹೀರಿ ಮುಗಿಸಿ ಸಿಪ್ಪೆ ಬಿಸಾಕಿ ಮುಂದಿನದಕ್ಕೆ ತಡಕಾಡಿತು.

"ಇದು ಆ ನೊಣದ ಮರಿ ರೀ. ಹೇನು ಇದ್ದಲ್ಲೇ ತಾಯಿ ತತ್ತಿ ಇಡ್ತದ. ನಾವು ಪರದಿ ಹಾಕಿ ಅವನ್ನ ಹೊರಗ ಹಾಕಿದ್ವಿ, ಹೇನು ಒಳಗಽ ಉಳಿದ್ವು."

ಅನಸೂಯಾಬಾಯಿ ಕಣ್ಣೊರೆಸಿಕೊಂಡು ಬಗ್ಗಿ ನೋಡಿದರು. ಅವರಿಗೆ ಹೊಳೆದದ್ದು ಬೇರೆಯೇ.

"ಹೇನು ತಿಂತದ ಅಂದ್ರ… ಮಾಂಸಾಹಾರೀನೇನವಾ?"

ಮಂಜುಷಾ ತಡವರಿಸಿದಳು. "ಮರಿ ಇದ್ದಾಗ ಅಷ್ಟಽ ರೀ. ರೆಕ್ಕಿ ಬಂದ ಮ್ಯಾಲ ಬಿಟ್ಟುಬಿಡ್ತಾವ. ಆಮ್ಯಾಲ ಬರೇ ಹೂವಿನ ರಸ, ಹೂವಿನ ಪುಡಿ."

"ಪೂರ್ತಿ ಬಿಡ್ತಾವೇನು?"

"ಪೂರ್ತಿ."

ಅತ್ತೆ ಎಲೆಯನ್ನು ಮೊದಲಿನಂತೆ ತಿರುಗಿಸಿಟ್ಟರು. "ಇರ್ಲಿ ಬಿಡು. ಹಾಸ್ಟೆಲಿನ್ಯಾಗ ತಿಂದು, ಮನಿಗೆ ಬಂದ ಮ್ಯಾಲ ಬಿಟ್ಟವರು ಭಾಳ ಮಂದಿ ಇದ್ದಾರ." ಒಳಗೆ ಪೇಪರು ಓದುತ್ತಿದ್ದ ನರಸಿಂಹ ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದ.

ಆದರೂ ಮೂಲ ಪ್ರಶ್ನೆ ಹಾಗೇ ಇತ್ತು. ಹರಕೆ ಸಂದಿತೋ ಇಲ್ಲವೋ? ಫೋನಿನಲ್ಲಿ ಹೇಳಿದರೆ ತಮ್ಮನಿಗೆ ತಿಳಿಯುವುದಿಲ್ಲ, ಅವನು ಆ ಪ್ರಾಣಿಯನ್ನು ಕಣ್ಣಾರೆ ನೋಡಿ ಹೇಳಬೇಕು. ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿ ತೊಳೆದು, ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ಕಣಗಿಲೆಯ ಮೇಲೆ ಕೂತ ಒಂದು ನೊಣವನ್ನು ಮಂಜುಷಾಳ ಕೈಯಿಂದ ಹಿಡಿಸಿದರು. ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಮಲಾಪುರದ ಮೇಲೆ ಹೋಗುವ ಬೀದರ ಬಸ್ಸು ಹತ್ತಿದರು.

ಬಸ್ಸಿನ ಕಂಡಕ್ಟರ್ ಜೈಭೀಮ ಆಧಾರ್ ನೋಡಿ ಸೊನ್ನೆ ಟಿಕೇಟು ಹರಿದು ಕೊಟ್ಟು, ಡಬ್ಬಿ ನೋಡಿದ. "ಒಳಗ ಏನೈತ್ರಿ ಆಯಿ?"

"ನೊಣ."

"ಹೆಣ್ಣಿದ್ರ ಫ್ರೀ. ಗಂಡಿದ್ರ ಟಿಕೇಟ್ ತಗೋಬೇಕಾಗ್ತದ ನೋಡ್ರಿ" ಎಂದು ತಮಾಷೆ ಮಾಡಿ ಮುಂದೆ ಹೋದ.

ಅವನ ತಮಾಷೆ ಬಹಳ ಹೊತ್ತು ಬಾಳಲಿಲ್ಲ. ಊರು ದಾಟಿದ ಮೇಲೆ ನೊಣ ಬದುಕಿದೆಯೋ ಇಲ್ಲವೋ ಎಂದು ಅನಸೂಯಾಬಾಯಿ ಮುಚ್ಚಳವನ್ನು ಸ್ವಲ್ಪ ಸಡಿಲಿಸಿದರು. ಅದೇ ಹೊತ್ತಿಗೆ ಬಸ್ಸು ರಸ್ತೆಯ ಹಂಪಿನ ಮೇಲೆ ಎಗರಿತು. ನೊಣ ಹೊರಗೆ ಬಂದು, ಬಸ್ಸಿನ ನಟ್ಟನಡುವೆ, ಎಲ್ಲರ ಕಣ್ಣ ಮಟ್ಟದಲ್ಲಿ, ತನ್ನ ಅಭ್ಯಾಸದಂತೆ ಅಲುಗದೆ ನಿಂತಿತು.

"ಜೇನು! ಜೇನು ಬಂತೋ!" ಎಂದು ಯಾರೋ ಚೀರಿದರು. ಒಬ್ಬರು ಟವೆಲು ತಲೆಗೆ ಸುತ್ತಿಕೊಂಡರು. ಹಿಂದಿನ ಸೀಟಿನವರು ಮುಂದಕ್ಕೂ ಮುಂದಿನವರು ಹಿಂದಕ್ಕೂ ನುಗ್ಗಿ ನಡುವೆ ಸಿಕ್ಕಿಕೊಂಡರು. ಡ್ರೈವರು ಬಸ್ಸು ನಿಲ್ಲಿಸಿ ಎಲ್ಲರಿಗಿಂತ ಮೊದಲು ತಾನೇ ಇಳಿದ. ಜೈಭೀಮ ಟಿಕೇಟು ಮೆಷಿನ್ನನ್ನು ಎದೆಗೆ ಅಪ್ಪಿಕೊಂಡು ಸೀಟಿನ ಕೆಳಗೆ ಕೂತ.

ಅನಸೂಯಾಬಾಯಿ ಎದ್ದು ನಿಂತು ಕೈಯೆತ್ತಿ ಕೂಗಿದರು. "ಹೆದರಬ್ಯಾಡ್ರಿ! ಅದು ಜೇನಲ್ಲ! ದೇವರಾಣಿ ಜೇನಲ್ಲ, ಬರೇ ನೊಣ! ಅದಕ್ಕ ಕೊಂಡೀನೂ ಇಲ್ಲ, ಏನೂ ಇಲ್ಲ, ಪಾಪದ್ದು!"

ಕೂಗಿದ ಮೇಲೆ ಅವರಿಗೇ ಇರುಸುಮುರುಸಾಯಿತು. ಅದು ಜೇನೇ ಆಗಿರಲಿ ಸ್ವಾಮಿ ಎಂದು ಬೇಡಿಕೊಳ್ಳಲು ಹೊರಟವರು, ಅರ್ಧ ದಾರಿಯಲ್ಲಿ ಅದು ನೊಣವೆಂದು ದೇವರ ಮೇಲೆಯೇ ಆಣೆ ಹಾಕಿದ್ದರು. ಅಷ್ಟರಲ್ಲಿ ನೊಣ ಹೋಗಿ ಹೆಂಗಸೊಬ್ಬಳ ತುರುಬಿನಲ್ಲಿದ್ದ ಸೇವಂತಿಗೆಯ ಮೇಲೆ ಕೂತಿತು. ಅನಸೂಯಾಬಾಯಿ ಆ ತುರುಬಿನ ಮೇಲೆಯೇ ಡಬ್ಬಿ ಬೋರಲು ಹಾಕಿ, ಹೂವು ಸಮೇತ ನೊಣವನ್ನು ಹಿಡಿದುಕೊಂಡರು. ಆ ಹೆಂಗಸು ಕಮಲಾಪುರದ ತನಕ ಅವರನ್ನು ಬೈಯುತ್ತಲೇ ಇದ್ದಳು.

ವೇದವ್ಯಾಸ ಗುಡಿಯ ಮುಂದಿನ ಕಟ್ಟೆಯ ಮೇಲೆ ಮಡಿಯುಟ್ಟು ಕೂತಿದ್ದ. ಅಕ್ಕ ಸೆರಗಿನಿಂದ ಡಬ್ಬಿ ತೆಗೆದು ಅವನ ಮೂಗಿನ ಮುಂದೆ ಹಿಡಿದರು.

"ಅಯ್ಯಯ್ಯೋ ಜೇನು!" ಎಂದವನೇ ಅವನು ಕಟ್ಟೆಯಿಂದ ಹಾರಿ ಕಂಬದ ಹಿಂದೆ ಹೋದ.

ಅನಸೂಯಾಬಾಯಿಯವರ ಮುಖ ಅರಳಿತು. "ನೀನಽ ಅಂದಿ! ಜೇನು ಅಂತ ನಿನ್ನ ಬಾಯಿಂದಽ ಬಂತು!"

"ಏನಂದೆ? ಹೆದರಿದಾಗ ಅಂದದ್ದು ನಿರ್ಣಯ ಆಗೂದಿಲ್ಲಕ್ಕ. ಮೊದಲು ಅದನ್ನ ಆ ಕಡಿ ಹಿಡಿ."

ಅಕ್ಕ ಎಲ್ಲವನ್ನೂ ಹೇಳಿದರು. ಎರಡು ರೆಕ್ಕೆ, ವೇಷ, ಪರದೆ, ಹೇನು, ಹರಕೆ. ವೇದವ್ಯಾಸ ಕಂಬದ ಹಿಂದೆಯೇ ನಿಂತು ಪಂಚಾಂಗ ಕೇಳುವವನಂತೆ ಕಣ್ಣು ಮುಚ್ಚಿ ಕೇಳಿಸಿಕೊಂಡ. ಆಮೇಲೆ ಕಣ್ಣು ಬಿಟ್ಟು, "ಫಜೀತಿ ಏನಂದ್ರ, ಸಂಸ್ಕೃತದಾಗ ಮಕ್ಷಿಕ ಅಂದ್ರ ನೊಣಾನೂ ಹೌದು, ಜೇನಿಗೂ ಅದಽ ಶಬ್ದ. ಹಿರ್ಯಾರು ಯಾವುದನ್ನ ನೋಡಿ ಯಾವ ಮಾತು ಹೇಳ್ಯಾರೋ, ಯಾರಿಗೆ ಗೊತ್ತು?" ಎಂದ.

"ಮತ್ತ ಅವತ್ತು ಫೋನಿನ್ಯಾಗ ಅಷ್ಟು ಖಡಕ್ ಹೇಳಿದೆಲ್ಲೋ, ಚೆಲ್ಲಿಬಿಡು, ಹೊಸದಾಗಿ ಮಾಡು ಅಂತ?"

"ಹೂರ್ಣದ ಮ್ಯಾಲ ನೊಣ ಕೂತ್ರ ಚೆಲ್ಲದಽ ಏನ್ ಮಾಡ್ತಿ?"

"ಹೂರ್ಣ ಎಲ್ಲಿಂದ ಬಂತು?"

"ನೀನಽ ಕೇಳಿದಿ, ಹೂರ್ಣದ ಮ್ಯಾಲ ನೊಣ ಕೂತದ ಅಂತ. ನನಗ ಅವತ್ತು ಹೋಳಿಗಿ ನೆನಪಾಗಿ ಸಂಜೀತನಾ ಸಂಕಟ ಆತು."

ಅನಸೂಯಾಬಾಯಿ ಅವನನ್ನು ದಿಟ್ಟಿಸಿ ನೋಡಿದರು. ಹೂರ್ಣ! ಗುಲಾಬಿ ಝಾಲರು, ಕರೆಂಟ್ ಬ್ಯಾಟು, ಮಗನ ನೆಗಡಿ, ಮುರಿದ ಹರಕೆ, ಎಲ್ಲವೂ ಇವನ ಹೋಳಿಗೆ ಚಪಲದಿಂದ! ಸಿಟ್ಟು ನೆತ್ತಿಗೇರಿತು. ಆದರೆ ವೇದವ್ಯಾಸ ಕಂಬ ಬಿಟ್ಟು ಹೊರಗೆ ಬಂದು ತಗ್ಗಿದ ದನಿಯಲ್ಲಿ, "ಹೂವಿನ ಮಾತು ನನಗ ಖರೇ ಗೊತ್ತಿಲ್ಲಕ್ಕ. ಸುಳ್ಳು ಹೇಳಿ ಕಳಸಾಕ ನನಗ ಮನಸಿಲ್ಲ" ಎಂದ. ಅವರ ಸಿಟ್ಟು ಇಳಿಯಿತು, ಭಯ ಹಾಗೇ ಉಳಿಯಿತು. ನೊಣವನ್ನು ಅವನ ತೋಟದಲ್ಲಿ ಬಿಟ್ಟು, ಅವನು ಕೊಟ್ಟ ಕೆಂಪು ಬಾಳೆಯ ಚಿಪ್ಪು ಹಿಡಿದು ಊರಿಗೆ ಮರಳಿದರು.

ಮನೆಗೆ ಬಂದು ಗೋಡೆಯ ಮೇಲಿಂದ ಇಕ್ಬಾಲ್ ಬೇಗಂ ಅವರಿಗೆ ಎರಡು ಬಾಳೆಹಣ್ಣು ಕೊಡುವಾಗ ಮಾತು ತಡೆಯಲಾಗಲಿಲ್ಲ. ಅನಸೂಯಾಬಾಯಿ ಎಲ್ಲವನ್ನೂ ಅವರ ಮುಂದೆ ತೋಡಿಕೊಂಡರು. ಇಕ್ಬಾಲ್ ಬೇಗಂ ಹಣ್ಣು ಸುಲಿಯುತ್ತ ಕೇಳಿದರು.

"ಜೇನೋ ನೊಣಾನೋ ಅಂತ ಅಳಾಕತ್ತೀರೇನು? ನಮ್ಮಲ್ಲಿ ಅದೂ ಮಖ್ಖಿ, ಇದೂ ಮಖ್ಖಿ. ಜೇನುತುಪ್ಪ ಕೊಟ್ರ ಶಹದ್ ಕೀ ಮಖ್ಖಿ, ಅಷ್ಟೇ ಫರಕ್. ನೀವೂ ಜೇನುನೊಣ ಅಂತೀರಲ್ಲ ಬಾಯಿ?"

ಅನಸೂಯಾಬಾಯಿ ಆ ಶಬ್ದವನ್ನು ತಾವೇ ಒಮ್ಮೆ ಹೇಳಿ ನೋಡಿದರು. ಜೇನುನೊಣ. ಹೌದಲ್ಲ! ಮನೆಯ ಹಿರಿಯರು ಆಡುತ್ತಿದ್ದ ಮರಾಠಿಯಲ್ಲೂ ನೊಣ ಮಾಶಿ, ಜೇನು ಮಧಮಾಶಿ. ದಿನಾ ದೇವರ ಪಂಚಾಮೃತಕ್ಕೆ ಹಾಕುವ ಜೇನುತುಪ್ಪ ಕೂಡ ಒಂದು ನೊಣದ ಬಾಯಿಂದಲೇ ಬಂದದ್ದು.

"ಅದಿರ್ಲಿ" ಎಂದರು ಇಕ್ಬಾಲ್ ಬೇಗಂ. "ನೀವು ಹರಕಿ ಹೊತ್ತ ವರ್ಷ ನನಗ ನೆನಪದ. ನಾ ಹೊಸಾ ದುಲ್ಹನ್ ಆಗಿ ಬಂದಿದ್ದೆ. ಮಲೇರಿಯಾ ಮಂದಿ ಓಣಿ ಓಣಿ ಡಿಡಿಟಿ ಹೊಡ್ಕೋತ ಬಂದ್ರು. ನಮ್ಮ ಗೋಡಿ, ಗಿಡ, ಕೋಳಿ ಗೂಡು, ಎಲ್ಲಾ ಬೆಳ್ಳಗ ಮಾಡಿ ಹೋದ್ರು. ನಿಮ್ಮ ಬಾಗಲಿಗೆ ಬಂದ್ರ ನೀವು ಏನ್ ಮಾಡಿದ್ರಿ?"

"ಏನ್ ಮಾಡಿದೆ?"

"ಮರತ್ರೇನು? 'ಮಡಿ ಸೀರಿ ಒಣಗ್ಯಾವ, ಒಳಗ ಕಾಲಿಟ್ರ ನೋಡ್ರಿ' ಅಂತ ಕೋಲು ಹಿಡಿದು ಓಡಿಸಿದ್ರಿ! ಪೂರಾ ಓಣಿ ನಕ್ಕಿತು. ಆಮ್ಯಾಲ ಆ ಛಳಿಗಾಲದಾಗ ನಮ್ಮ ಗುಲಾಬ್ ಎಲ್ಲಾ ಹೇನು ಹತ್ತಿ ಸತ್ತು ಹೋದ್ವು. ಯಾರ ಮನ್ಯಾಗೂ ಹೂವಿಲ್ಲ. ನಿಮ್ಮ ಅಂಗಳದಾಗ ಮಾತ್ರ ಹೂವೇ ಹೂವು, ಮಖ್ಖೀನೇ ಮಖ್ಖಿ. ನಮ್ಮ ಅತ್ತಿ ಅಂತಿದ್ರು, ಬಮ್ಮಣರ ಮನ್ಯಾಗ ಮಖ್ಖಿ ಸಾಕ್ಯಾರ ಅಂತ."

ಅನಸೂಯಾಬಾಯಿಯವರಿಗೆ ಆ ವರ್ಷದ ಅಂಗಳ ಕಣ್ಣ ಮುಂದೆ ಬಂತು. ಡಿಡಿಟಿಗೆ ನೊಣ ಸತ್ತು, ಹೇನು ಹೆಚ್ಚಿ, ಎಲ್ಲೆಲ್ಲೂ ಹೂವು ಹೋದಾಗ ತಮ್ಮ ಗಿಡಗಳು ಯಾಕೆ ಅರಳಿದ್ದವೆಂದು ಅವರು ಎಂದೂ ಕೇಳಿಕೊಂಡಿರಲಿಲ್ಲ, ದೇವರ ದಯೆ ಎಂದುಕೊಂಡಿದ್ದರು. ದಯೆಯೇ ನಿಜ. ಆದರೆ ಆ ದಯೆ ಎರಡು ರೆಕ್ಕೆ ಕಟ್ಟಿಕೊಂಡು, ಹಳದಿ ಪಟ್ಟೆಯ ಅಂಗಿ ತೊಟ್ಟು ಬಂದಿತ್ತು. ಮೊಗ್ಗು ಮೊಗ್ಗಿನ ಮೇಲೂ ತನ್ನ ಮಕ್ಕಳನ್ನು ಕಾವಲಿಟ್ಟು, ಆ ವರ್ಷವಿಡೀ ಇವರ ಹರಕೆಯನ್ನು ಇವರಿಗೇ ಗೊತ್ತಿಲ್ಲದೆ ಹೊತ್ತಿತ್ತು. ನೊಣದಿಂದ ಹರಕೆ ಕೆಟ್ಟಿರಲಿಲ್ಲ. ನೊಣ ಇಲ್ಲದಿದ್ದರೆ ಹೂವೇ ಇಲ್ಲ, ಹೂವಿಲ್ಲದಿದ್ದರೆ ನರಸಿಂಹನೂ ಇಲ್ಲ.

ಅವರು ಗೋಡೆಗೆ ತಲೆಯಾನಿಸಿ ಅತ್ತರು. ಈ ಸಲ ಸಂಕಟಕ್ಕೆ ಅಲ್ಲ. ಇಕ್ಬಾಲ್ ಬೇಗಂ ಗಾಬರಿಯಾಗಿ ಸುಲಿದ ಬಾಳೆಹಣ್ಣನ್ನು ಅವರ ಕೈಗೇ ಕೊಟ್ಟರು.

ಸಂಜೆಯ ಬೆಳಕು ಹೋಗುವ ಮುಂಚೆ ಪರದೆಗಳೆಲ್ಲ ಇಳಿದವು. ಗುಲಾಬಿ ಝಾಲರಿನದು ಇಕ್ಬಾಲ್ ಬೇಗಂ ಅವರ ಸಂಡಿಗೆಯ ಮೇಲೆ ಹೋಯಿತು. ಅನಸೂಯಾಬಾಯಿ ಕಣಗಿಲೆಯ ಎಲೆಗಳನ್ನು ಮರಿಗಳ ಸಮೇತ ಮೆಲ್ಲಗೆ ಬಿಡಿಸಿ ಸೇವಂತಿಗೆಯ ಮಡಿಲಿಗೆ ಇಟ್ಟರು. ಬಾಣಂತಿಯ ಕೂಸು ಎತ್ತಿಡುವಾಗಲೂ ಅವರು ಅಷ್ಟು ಜೋಪಾನ ಮಾಡಿದವರಲ್ಲ. ನಾಲ್ಕಾರು ದಿನಕ್ಕೆ ಹೊರಗಿನಿಂದ ಪಟ್ಟೆಯವರು ಬಂದರು, ಗಾಳಿಯಲ್ಲಿ ನಿಂತು ಪರಿಸ್ಥಿತಿ ಪರಿಶೀಲಿಸಿದರು, ತತ್ತಿ ಇಟ್ಟರು. ಹೇನು ಕಡಿಮೆಯಾದವು, ಇರುವೆಗಳು ಮೆರವಣಿಗೆ ಮುಗಿಸಿದವು. ಸಂಕ್ರಾಂತಿ ಸಮೀಪಿಸುವ ಹೊತ್ತಿಗೆ ಉಳಿದ ಮೊಗ್ಗುಗಳು ಒಂದೊಂದಾಗಿ ಕಣ್ಣು ಬಿಟ್ಟವು.

ಮೊದಲ ಸೇವಂತಿಗೆ ಅರಳಿದ ಬೆಳಿಗ್ಗೆ ಅನಸೂಯಾಬಾಯಿ ಎಂದಿನಂತೆ ಮಡಿಯುಟ್ಟು ಗಿಡದ ಮುಂದೆ ನಿಂತು ಕಾದರು. ಪಟ್ಟೆಯದು ಬಂತು, ನೋಡಿತು, ಕೂತಿತು, ಎದ್ದಿತು. "ಪಾಸಾತು" ಎಂದು ಅವರು ಆ ಹೂವನ್ನು ಕಿತ್ತು ಒಳಗೆ ಕೊಟ್ಟರು. ನರಸಿಂಹ ಅದನ್ನು ದೇವರ ತಲೆಯ ಮೇಲಿಟ್ಟು ಪೂಜೆ ಮುಗಿಸಿ, ಪ್ಯಾಂಟು ತೊಟ್ಟು, ಕಚೇರಿಗೆ ಹೊರಟು ಪಡಸಾಲೆಗೆ ಬಂದ.

ಹೂವಿನ ಬುಟ್ಟಿಯ ಬೆನ್ನು ಹತ್ತಿ ಆ ನೊಣವೂ ಒಳಗೆ ಬಂದಿತ್ತು. ಅದು ಪಡಸಾಲೆಯ ನಡುವೆ, ನರಸಿಂಹನ ಮುಖದ ಎದುರು, ಗಾಳಿಯಲ್ಲಿ ನಿಂತಿತು. ಅವನ ಕೈ ರೂಢಿಯಿಂದ ಗೋಡೆಯ ಮೊಳೆಗೆ ತೂಗುಹಾಕಿದ್ದ ಬ್ಯಾಟಿಗೆ ಹೋಯಿತು.

"ಏ ತಡಿಯೋ! ಅಣ್ಣನ್ನ ಹೊಡೀಬ್ಯಾಡ!"

"ಯಾರ ಅಣ್ಣ ಆಯಿ?"

"ನಿನ್ನ ಅಣ್ಣ. ನಿನ್ನಕಿಂತ ಮೊದಲು ಈ ಮನಿಗೆ ಬಂದವ. ಅಲ್ಲಾಡಬ್ಯಾಡ, ಸುಮ್ಮ ನಿಂದ್ರು."

ನರಸಿಂಹ ಕೈ ಇಳಿಸಿ ಸುಮ್ಮನೆ ನಿಂತ. ನೊಣ ಅವನನ್ನು ದಿಟ್ಟಿಸಿತು. ಕೊಂಚ ಎಡಕ್ಕೆ ಸರಿದು ಇನ್ನೊಮ್ಮೆ ದಿಟ್ಟಿಸಿತು. ಅಡುಗೆಮನೆಯ ಬಾಗಿಲಲ್ಲಿ ಮಂಜುಷಾ ಸೌಟು ಹಿಡಿದು ನಿಂತಿದ್ದಳು. ಅನಸೂಯಾಬಾಯಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಕಾಯುತ್ತಿದ್ದರು. ನೊಣ ಮೆಲ್ಲಗೆ ಮುಂದೆ ಬಂದು ಅವನ ಮೂಗಿನ ಮೇಲೆ ಕೂತು, ಬೆವರಿನ ಹನಿಯೊಂದನ್ನು ರುಚಿ ನೋಡಿ, ಎದ್ದು ಬಾಗಿಲಿನಿಂದ ಅಂಗಳಕ್ಕೆ ಹೋಯಿತು.

"ಪಾಸಾತು" ಎಂದು ಅನಸೂಯಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.